ಗಡ್ಡೆಯ ಗಾತ್ರ ಮಾತ್ರ ನೋಡಿದರೆ ಸಾಕೇ?

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಗಡ್ಡೆ ಇದೆ ಎಂದು ಸ್ಕ್ಯಾನ್ ವರದಿ ಬಂದರೆ ಎಲ್ಲರೂ ಮೊದಲು ಕೇಳುವುದು "ಎಷ್ಟು ದೊಡ್ಡದಿದೆ?" ಎಂದು. ಔಷಧಿ ಶುರುವಾದ ಮೇಲೆ "ಚಿಕ್ಕದಾಯಿತಾ?" ಎಂದು ಕೇಳುತ್ತೇವೆ. ಆದರೆ ಕೆಲವು ಔಷಧಿಗಳ ವಿಷಯದಲ್ಲಿ ಗಾತ್ರ ಒಂದೇ ಪೂರ್ತಿ ಉತ್ತರ ಕೊಡುವುದಿಲ್ಲ. ಏಕೆ ಎಂದು ತಿಳಿಯೋಣ.

ಗಡ್ಡೆಗೂ ರಕ್ತ ಬೇಕು

ನಮ್ಮ ಜೀವಕೋಶಗಳಿಗೆ ಆಮ್ಲಜನಕ ಮತ್ತು ಆಹಾರ ರಕ್ತದಿಂದ ಸಿಗುತ್ತದೆ. ಗಡ್ಡೆ ಸುಮಾರು 1-2 ಮಿಲಿಮೀಟರ್ ಇರುವವರೆಗೆ ಅಕ್ಕಪಕ್ಕದಿಂದ ಸಿಕ್ಕಿದ್ದರಲ್ಲೇ ಬದುಕುತ್ತದೆ. ಅದಕ್ಕಿಂತ ದೊಡ್ಡದಾಗಲು ಅದಕ್ಕೆ ಸ್ವಂತ ರಕ್ತನಾಳಗಳು ಬೇಕು. ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಈ ವಿಚಾರವನ್ನು ಮಂಡಿಸಿದರು. ಹೊಸ ನಾಳ ಬೆಳೆಯದಂತೆ ತಡೆದರೆ ಗಡ್ಡೆಯನ್ನೂ ತಡೆಯಬಹುದು ಎಂಬುದು ಅವರ ವಾದ. ಗಡ್ಡೆಯು ವಿಇಜಿಎಫ್ ಎಂಬ ಪ್ರೋಟೀನ್ ಬಿಡುಗಡೆ ಮಾಡಿ ನಾಳಗಳನ್ನು ತನ್ನ ಕಡೆಗೆ ಬೆಳೆಸಿಕೊಳ್ಳುತ್ತದೆ ಎಂದು ಮುಂದೆ ಗೊತ್ತಾಯಿತು. ಈ ಪ್ರೋಟೀನನ್ನು ತಡೆಯುವ ಬೆವಾಸಿಜುಮ್ಯಾಬ್ ಎಂಬ ಔಷಧಿಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಗಡ್ಡೆಯ ಹೊಸ ನಾಳಗಳು ಅವಸರದಲ್ಲಿ ಹಾಕಿದ ನೀರಿನ ಪೈಪಿನಂತೆ. ಅಂಕುಡೊಂಕಾಗಿರುತ್ತವೆ, ಅಲ್ಲಲ್ಲಿ ಸೋರುತ್ತವೆ. ಈ ಸೋರಿಕೆಯನ್ನೇ ಎಂಆರ್‌ಐ ಅಳೆಯುತ್ತದೆ.

ಅಳೆಯುವುದು ಹೇಗೆ?

ರೋಗಿ ಯಂತ್ರದೊಳಗೆ ಮಲಗಿದ್ದಾಗ ತೋಳಿನ ರಕ್ತನಾಳಕ್ಕೆ ಗ್ಯಾಡೊಲಿನಿಯಮ್ ಇರುವ ಕಾಂಟ್ರಾಸ್ಟ್ ದ್ರವ ಕೊಡುತ್ತಾರೆ. ನಂತರ ಕೆಲವು ಸೆಕೆಂಡಿಗೆ ಒಂದರಂತೆ ಹಲವು ನಿಮಿಷ ಅದೇ ಜಾಗದ ಚಿತ್ರ ತೆಗೆಯುತ್ತಾರೆ. ಕಾಂಟ್ರಾಸ್ಟ್ ತಲುಪಿದ ಜಾಗ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ನಾಳ ಸೋರುವ ಕಡೆ ಅದು ಹೊರಬಂದು ಜೀವಕೋಶಗಳ ನಡುವಿನ ಜಾಗದಲ್ಲಿ ತುಂಬಿಕೊಳ್ಳುತ್ತದೆ. ಜೀವಕೋಶದ ಒಳಗೆ ಹೋಗುವುದಿಲ್ಲ. ಸ್ವಲ್ಪ ಹೊತ್ತಿನ ನಂತರ ರಕ್ತಕ್ಕೆ ವಾಪಸ್ ಬರುತ್ತದೆ. ಇದನ್ನು ಗ್ರಾಫ್ ಮಾಡಿದರೆ, ಅನೇಕ ಕ್ಯಾನ್ಸರ್ ಗಡ್ಡೆಗಳಲ್ಲಿ ಗೆರೆ ಬೇಗ ಏರಿ ಬೇಗ ಇಳಿಯುತ್ತದೆ.

ಈ ಗ್ರಾಫಿನಿಂದ ಲೆಕ್ಕ ಹಾಕುವ ಮುಖ್ಯ ಸಂಖ್ಯೆಯ ಹೆಸರು ಕೆ-ಟ್ರಾನ್ಸ್. ಅದು ನಿಮಿಷಕ್ಕೆ 0.2 ಇದ್ದರೆ, 100 ಮಿ.ಲೀ. ಗಡ್ಡೆಗೆ ಒಂದು ನಿಮಿಷದಲ್ಲಿ 20 ಮಿ.ಲೀ. ಪ್ಲಾಸ್ಮಾದಲ್ಲಿ ಇರುವಷ್ಟು ಕಾಂಟ್ರಾಸ್ಟ್ ದಾಟಿತು ಎಂದರ್ಥ. ರಕ್ತದಲ್ಲಿ ಎಷ್ಟು ಕಾಂಟ್ರಾಸ್ಟ್ ಇತ್ತು ಎಂಬುದೂ ಗೊತ್ತಿರಬೇಕು. ಅದಕ್ಕಾಗಿ ಹತ್ತಿರದ ಅಪಧಮನಿಯನ್ನೂ ಅಳೆಯುತ್ತಾರೆ.

ನಮ್ಮ ಲೆಕ್ಕಶಾಸ್ತ್ರದ ಪಾಠದಂತೆ

ವಾಣಿಜ್ಯ ವಿಭಾಗದವರಿಗೆ ಇದು ಹೊಸದಲ್ಲ. ಬ್ಯಾಲೆನ್ಸ್ ಶೀಟ್ ಒಂದು ದಿನದ ಸ್ಥಿತಿ ಮಾತ್ರ ಹೇಳುತ್ತದೆ. ಹಣ ಎಷ್ಟು ಬಂತು, ಎಷ್ಟು ಹೋಯಿತು ಎಂದು ತಿಳಿಯಲು ನಗದು ಪುಸ್ತಕ ತೆರೆಯಬೇಕು. ಅಂಗಡಿ ಹೊರಗಿನಿಂದ ದೊಡ್ಡದಾಗಿಯೇ ಕಾಣಬಹುದು, ಆದರೆ ಒಳಗೆ ವ್ಯಾಪಾರ ನಿಂತಿರಬಹುದು. ಗಡ್ಡೆಯ ಗಾತ್ರ ಬ್ಯಾಲೆನ್ಸ್ ಶೀಟ್ ಇದ್ದಂತೆ, ಕೆ-ಟ್ರಾನ್ಸ್ ನಗದು ಪುಸ್ತಕ ಇದ್ದಂತೆ.

ರಕ್ತನಾಳ ತಡೆಯುವ ಔಷಧಿ ಕೆಲಸ ಮಾಡಿದರೂ ಗಡ್ಡೆ ಕೂಡಲೇ ಚಿಕ್ಕದಾಗಬೇಕೆಂದಿಲ್ಲ. ಆದರೆ ಕೆ-ಟ್ರಾನ್ಸ್ ಕೆಲವೇ ದಿನಗಳಲ್ಲಿ ಇಳಿಯಬಹುದು. ಇದರಿಂದ ಔಷಧಿ ತನ್ನ ಗುರಿ ಮುಟ್ಟಿದೆಯೇ ಎಂದು ಬೇಗ ಗೊತ್ತಾಗುತ್ತದೆ. ಆದ್ದರಿಂದಲೇ ಹೊಸ ಔಷಧಿಗಳ ಪರೀಕ್ಷೆಯಲ್ಲಿ ಈ ವಿಧಾನ ಬಳಸುತ್ತಾರೆ. ದುಬಾರಿ ಮತ್ತು ಅಡ್ಡಪರಿಣಾಮವಿರುವ ಔಷಧಿ ತೆಗೆದುಕೊಳ್ಳುವ ರೋಗಿಗೆ ಒಂದೊಂದು ವಾರವೂ ಮುಖ್ಯ.

ಎಚ್ಚರವಿರಲಿ

ಕೆ-ಟ್ರಾನ್ಸ್‌ನಲ್ಲಿ ರಕ್ತದ ಹರಿವು ಮತ್ತು ನಾಳದ ಸೋರಿಕೆ ಎರಡೂ ಸೇರಿರುತ್ತವೆ. ಯಾವುದು ಎಷ್ಟು ಎಂದು ಅದೊಂದೇ ಸಂಖ್ಯೆಯಿಂದ ಬಿಡಿಸಿ ಹೇಳಲಾಗದು. ಯಂತ್ರ ಮತ್ತು ಲೆಕ್ಕದ ಕ್ರಮ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಹಾಗಾಗಿ ಅದೇ ರೋಗಿಯನ್ನು, ಸಾಧ್ಯವಾದಷ್ಟು ಅದೇ ಯಂತ್ರದಲ್ಲಿ, ಔಷಧಿಗೆ ಮೊದಲು ಮತ್ತು ನಂತರ ಅಳೆದು ಹೋಲಿಸಬೇಕು. ಮೂತ್ರಪಿಂಡದ ತೊಂದರೆ ಇರುವವರು ಕಾಂಟ್ರಾಸ್ಟ್ ಪಡೆಯುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಕೆ-ಟ್ರಾನ್ಸ್ ಇಳಿಯಿತು ಎಂದ ಮಾತ್ರಕ್ಕೆ ರೋಗ ವಾಸಿಯಾಯಿತು ಎಂದಲ್ಲ.

ಮುಂದಿನ ಸಲ ಯಾರದಾದರೂ ವರದಿ ನೋಡುವಾಗ ಗಾತ್ರದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ವೈದ್ಯರಿಗೆ ಕೇಳಬಹುದು: "ಗಡ್ಡೆಗೆ ರಕ್ತ ಹೋಗುವುದು ಕಡಿಮೆಯಾಗಿದೆಯೇ?"