ಬಣ್ಣ ಬಳಿಯುವ ಮುನ್ನ ಗೋಡೆಯೂ ಕಾಗದವೂ ಸಿದ್ಧವಿರಲಿ

ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟ ದಿನದಿಂದ ಗೋಡೆಗೆ ಗ್ರಹಚಾರ ಶುರು. ಗಾರೆ ಕೆಲಸ ಮುಗಿದು ಹತ್ತು ದಿನವಾಗಿರುವುದಿಲ್ಲ, ಒಳಗಿನ ಹಸಿ ಆರಿರುವುದಿಲ್ಲ; ಪತ್ರಿಕೆ ಮಾತ್ರ ಅಚ್ಚಾಗಿ ನೆಂಟರ ಕೈ ಸೇರಿರುತ್ತದೆ. ಪುಟ್ಟಿ ಎಳೆದು ಎರಡು ಕೋಟು ಹೊಡೆದರೆ ಊಟದ ಪಂಕ್ತಿಯ ಹೊತ್ತಿಗೆ ಮನೆ ಲಕಲಕ. ಮುಂದಿನ ದೀಪಾವಳಿಗೆ ಸಜ್ಜದ ಕೆಳಗೆ ಬೊಬ್ಬೆ, ಕಿಟಕಿ ಪಕ್ಕ ಚಕ್ಕೆ, ನೆಲದಿಂದ ಮೊಣಕಾಲೆತ್ತರಕ್ಕೆ ಬಿಳಿ ಉಪ್ಪು. ಬಣ್ಣದವರನ್ನು ಕೇಳಿದರೆ ಗಾರೆಯವರ ತಪ್ಪು, ಗಾರೆಯವರನ್ನು ಕೇಳಿದರೆ ಬಣ್ಣದವರ ತಪ್ಪು.

ಈ ಜಗಳದಲ್ಲಿ ಕಾನೂನು ಮನೆಯವರ ಕೈ ಹಿಡಿಯಬಲ್ಲದು. ತೊಡಕು ಒಂದೇ: ತಪ್ಪು ನಡೆದದ್ದು ಬಣ್ಣದ ಕೆಳಗೆ. ಬಣ್ಣ ಬಿದ್ದ ಮೇಲೆ ಅದು ಯಾರ ಕಣ್ಣಿಗೂ ಕಾಣದು. ಹಾಗಾಗಿ ಸಾಕ್ಷಿ ಹುಟ್ಟಬೇಕಾದದ್ದು ಮೊದಲ ಕೋಟಿಗೆ ಮುಂಚೆ.

ಹೊಸ ಸಿಮೆಂಟ್ ಗಾರೆ ಆರಲು ಸಾಮಾನ್ಯವಾಗಿ ನಾಲ್ಕು ವಾರ ಬೇಕು. ಹಳೆಯ ಗೋಡೆಯಾದರೆ ಸುಣ್ಣದ ಪದರವನ್ನು ಗಟ್ಟಿ ತಳ ಸಿಗುವವರೆಗೆ ಕೆರೆಯಬೇಕು. ಪುಡಿಯ ಮೇಲೆ ಹೊಡೆದ ಬಣ್ಣ ಪುಡಿಯ ಜೊತೆಗೇ ಉದುರುತ್ತದೆ. ಪಾಚಿ ತೊಳೆದು, ಬಿರುಕು ತುಂಬಿ, ಸ್ಯಾಂಡ್ ಪೇಪರ್ ಉಜ್ಜಿ, ದೂಳು ಒರೆಸಿ, ಆಮೇಲೆ ಪ್ರೈಮರ್. ಗೋಡೆಯ ತೇವವನ್ನು ತಡೆಯದೆ ಉಪ್ಪನ್ನಷ್ಟೇ ಕೆರೆದರೆ ಅದು ಮತ್ತೆ ಬರುತ್ತದೆ. ಇದು ಯಾರೋ ಮೇಸ್ತ್ರಿಯ ಅಭಿಪ್ರಾಯವಲ್ಲ. ಗಾರೆ ಮತ್ತು ಕಾಂಕ್ರೀಟ್ ಮೇಲ್ಮೈಗೆ ಬಣ್ಣ ಬಳಿಯುವ ಕ್ರಮಕ್ಕೆಂದೇ ಭಾರತೀಯ ಮಾನಕ ಬ್ಯೂರೋದ ಐಎಸ್ 2395 ಎಂಬ ಸಂಹಿತೆ ಇದೆ. ಒಪ್ಪಂದದಲ್ಲಿ ಆ ಸಂಖ್ಯೆಯನ್ನು ಒಮ್ಮೆ ಬರೆಸಿದರೆ, ‘ಸರಿಯಾದ ಕೆಲಸ’ ಎಂದರೇನು ಎಂಬ ವಾದಕ್ಕೆ ಒಂದು ಅಳತೆಗೋಲು ಸಿಕ್ಕಂತೆ.

ನಮ್ಮ ಕೋಲಾರದ ಕಡೆ ಒಪ್ಪಂದ ಕನ್ನಡದಲ್ಲೋ ತೆಲುಗಿನಲ್ಲೋ ಬಾಯಿಮಾತಿನಲ್ಲೇ ಮುಗಿಯುತ್ತದೆ. ಬಾಯಿಮಾತೂ ಕಾನೂನಿನ ಪ್ರಕಾರ ಒಪ್ಪಂದವೇ, ಆದರೆ ಸಾಬೀತು ಮಾಡುವುದು ಯಾರು? ಒಂದು ಹಾಳೆ ಸಾಕು: ಎಷ್ಟು ಚದರ ಅಡಿ, ಕೆರೆಯುವುದು ಸೇರಿದೆಯೇ, ಪುಟ್ಟಿ ಎಷ್ಟು ಕೈ, ಪ್ರೈಮರ್ ಯಾವುದು, ಸಾಮಾನು ಯಾರದು, ಹಣ ಯಾವ ಹಂತಕ್ಕೆ ಎಷ್ಟು. ಕೆರೆದ ಗೋಡೆಯದೊಂದು, ಪ್ರೈಮರ್ ಹೊಡೆದ ಮೇಲೊಂದು ಫೋಟೊ ಮೊಬೈಲಿನಲ್ಲಿರಲಿ. ಖಾಲಿ ಡಬ್ಬಗಳನ್ನು ಗುಜರಿಗೆ ಹಾಕುವ ಮುನ್ನ ಅವುಗಳ ಬ್ಯಾಚ್ ಸಂಖ್ಯೆಯ ಚಿತ್ರವೂ ಇರಲಿ. ಕಂಪನಿಗಳು ಕೊಡುವ ವರ್ಷಗಟ್ಟಲೆ ವಾರಂಟಿಯ ಷರತ್ತುಗಳಲ್ಲಿ ಮೇಲ್ಮೈ ಸಿದ್ಧತೆಯದೂ ಒಂದಿರುವುದು ಸಾಮಾನ್ಯ. ಸಿದ್ಧತೆಗೆ ಪುರಾವೆ ಇಲ್ಲದಿದ್ದರೆ ಆ ವಾರಂಟಿ ಕೈಕೊಡುತ್ತದೆ.

ಇಲ್ಲಿ ಹಲವರು ಎಡವುವ ಇನ್ನೊಂದು ಸೂಕ್ಷ್ಮವಿದೆ. ದಿನಗೂಲಿಗೆ ಆಳು ಕರೆದು, ನೀವೇ ನಿಂತು, ಹೀಗೆ ಮಾಡು ಹಾಗೆ ಮಾಡು ಎಂದು ಹೇಳಿ ಮಾಡಿಸಿದರೆ ಅದನ್ನು ‘ವೈಯಕ್ತಿಕ ಸೇವೆ’ ಎನ್ನಬಹುದು. ಅಂಥ ಸೇವೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬಾರದು. ಇಡೀ ಕೆಲಸವನ್ನು ಇಷ್ಟಕ್ಕೆಂದು ಗುತ್ತಿಗೆ ಒಪ್ಪಿಸಿದ್ದರೆ ನೀವು ಗ್ರಾಹಕರು. ಒಪ್ಪಿದ ಪ್ರೈಮರ್ ಬಿಟ್ಟದ್ದು ಸೇವಾ ನ್ಯೂನತೆ. ಬಿಲ್ ಕೊಡದಿರುವುದನ್ನೂ ಆ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ.

ಬಣ್ಣ ಎದ್ದಾಗ ಮೊದಲ ಕೆಲಸ ಮತ್ತೆ ಬಳಿಸುವುದಲ್ಲ. ಚಿತ್ರ ತೆಗೆದು, ಒಬ್ಬ ಸಿವಿಲ್ ಎಂಜಿನಿಯರ್ ಅವರಿಂದ ಕಾರಣ ಬರೆಸಿ, ಗುತ್ತಿಗೆದಾರರಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ. ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಗೂ ಬಗ್ಗದಿದ್ದರೆ ಕೋಲಾರದ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಹಣ 50 ಲಕ್ಷದವರೆಗಿನ ವ್ಯಾಜ್ಯ ಅಲ್ಲಿಗೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದಾಖಲಿಸುವ ಹಕ್ಕನ್ನು 2019ರ ಕಾಯ್ದೆ ಕೊಟ್ಟಿದೆ. ಮುಳಬಾಗಿಲಿನವರಿಗೆ ಪಲಮನೇರಿನ ಗುತ್ತಿಗೆದಾರ ಕೈಕೊಟ್ಟರೆ, ಮಾಲೂರಿನವರಿಗೆ ಬೆಂಗಳೂರಿನವರು ಕೈಕೊಟ್ಟರೆ, ಅವರ ಊರಿಗೆ ಅಲೆಯಬೇಕಿಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಎದುರುದಾರರು ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು, ಪ್ರಯೋಗಾಲಯ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ, ಎನ್ನುತ್ತದೆ ಕಾಯ್ದೆ. ವಾಸ್ತವದಲ್ಲಿ ಹೆಚ್ಚು ತಾಳ್ಮೆ ಬೇಕಾಗುತ್ತದೆ.

ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಆದಾಯದ ಲೆಕ್ಕ ಅವರಿಗಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡವರ ದಾರಿ ಬೇರೆ. ಸ್ವಾಧೀನದಿಂದ ಐದು ವರ್ಷದೊಳಗೆ ಕಾಮಗಾರಿಯ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಬೇಕು.

ಕೆರೆಯುವ ಕೆಲಸದಲ್ಲಿ ಮತ್ತೊಂದು ಅಪಾಯವನ್ನು ಯಾರೂ ಎಣಿಸುವುದಿಲ್ಲ. ಹಳೆಯ ಬಾಗಿಲು ಕಿಟಕಿಗಳ ಎಣ್ಣೆ ಬಣ್ಣದಲ್ಲಿ ಸೀಸವಿರಬಹುದು. ಗೃಹಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜದೆ ನೀರು ಚಿಮುಕಿಸಿ ಕೆರೆಸಿ, ಮಕ್ಕಳನ್ನು ದೂರವಿಡಿ, ಕೆಲಸದವರಿಗೆ ಮಾಸ್ಕ್ ಕೊಡಿ.

ಇನ್ನು ಊರ ಸರ್ಕಾರಿ ಶಾಲೆ. ಪ್ರತಿ ಸಲ ಬಣ್ಣ, ಪ್ರತಿ ಮಳೆಗೂ ಚಕ್ಕೆ ಎಂಬ ಕಟ್ಟಡ ನಿಮ್ಮೂರಲ್ಲೂ ಇದ್ದರೆ ಮಾಹಿತಿ ಹಕ್ಕು ಕಾಯ್ದೆ 2005 ಇದೆ. ಅದರ ಕಲಂ 2(ಜೆ) ಕಾಗದ ಕೇಳುವುದಕ್ಕಷ್ಟೇ ನಿಲ್ಲುವುದಿಲ್ಲ, ಕಾಮಗಾರಿ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕೇಳಬೇಕಾದದ್ದು ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ಪ್ರತಿ. ಕೆರೆತಕ್ಕೆ, ಪ್ರೈಮರಿಗೆ ಎಷ್ಟು ಚದರ ಮೀಟರಿನ ಹಣ ಪಾವತಿಯಾಗಿದೆ ಎಂಬುದು ಅದರಲ್ಲಿರುತ್ತದೆ. ಅದನ್ನು ಹಿಡಿದು ಶಾಲೆಯ ಗೋಡೆಯ ಮುಂದೆ ನಿಲ್ಲಬಹುದು.