ಮಗ ಕೈ ಮಾಡಿದ ಮೇಲೆ

ತಮ್ಮಾ, ನಿನ್ನೆ ಫೋನಿನಲ್ಲಿ ನೀನು ಕೂಗಾಡಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಕಾಲೇಜಿನ ಹತ್ತಿರದ ಟೀ ಅಂಗಡಿ ಎದುರು ನಿನ್ನ ಮಗ ಇನ್ನೊಬ್ಬ ಹುಡುಗನ ಹಣೆಗೆ ಕೈಯ ಕಡಗದಲ್ಲಿ ಹೊಡೆದಿದ್ದಾನೆ. ಮೂರು ಹೊಲಿಗೆ ಬಿದ್ದಿದೆ. ಆ ಹುಡುಗನ ಅಪ್ಪ ಠಾಣೆಗೆ ದೂರು ಕೊಟ್ಟಿದ್ದಾರೆ. ನೀನು ಬೆಲ್ಟ್ ಬಿಚ್ಚಿದೆಯಂತೆ. ಸಾಲದ್ದಕ್ಕೆ, ಪರಿಚಯದ ಎಸ್‌ಐಗೆ ಹೇಳಿ ಅರ್ಧ ದಿನ ಲಾಕಪ್ಪಿನಲ್ಲಿ ಕೂರಿಸ್ತೀನಿ, ಆಗ ಬುದ್ಧಿ ಬರುತ್ತೆ ಅಂತೀಯಲ್ಲ, ಆ ಕೆಲಸ ಮಾತ್ರ ಮಾಡಬೇಡ.

ಇಂಥ ಹುಡುಗರ ಮನೆಮನೆಗೆ ಹೋಗಿ ಬಾಲನ್ಯಾಯ ಮಂಡಳಿಗೆ ವರದಿ ಬರೆದೇ ಸರ್ವೀಸ್ ಮುಗಿಸಿದವಳು ನಾನು. ಹದಿನೆಂಟು ತುಂಬದವರನ್ನು ಲಾಕಪ್ಪಿಗೆ ಹಾಕುವುದನ್ನು 2015ರ ಬಾಲನ್ಯಾಯ ಕಾಯ್ದೆಯೇ ನಿಷೇಧಿಸಿದೆ. ನಿನ್ನ ಎಸ್‌ಐ ಒಪ್ಪಿದರೆ ಅವರ ಕೆಲಸಕ್ಕೂ ಕುತ್ತು. ಹೋಗಲಿ, ಕಾನೂನಿನ ಮಾತು ಬಿಡು. ಹೆದರಿಸುವುದರಿಂದ ಉಪಯೋಗವಾದರೂ ಉಂಟೇ? ಅಮೆರಿಕದ ನ್ಯೂಜೆರ್ಸಿಯಲ್ಲಿ 1970ರ ದಶಕದಲ್ಲಿ ಪುಂಡ ಹುಡುಗರನ್ನು ರಾಹ್ವೇ ಜೈಲಿಗೆ ಕರೆದೊಯ್ದು, ಜೀವಾವಧಿ ಕೈದಿಗಳಿಂದಲೇ ಬೈಯಿಸಿ ಬೆದರಿಸುತ್ತಿದ್ದರು. ಅದರ ಮೇಲೆ ಸಿನಿಮಾ ಬಂತು, ದೇಶವೆಲ್ಲ ಚಪ್ಪಾಳೆ ತಟ್ಟಿತು. ಆಮೇಲೆ ಲೆಕ್ಕ ಹಾಕಿ ನೋಡಿದರೆ, ಹೀಗೆ ಬೆದರಿಸಿಕೊಂಡು ಬಂದ ಹುಡುಗರೇ ಉಳಿದವರಿಗಿಂತ ಹೆಚ್ಚು ತಪ್ಪು ಮಾಡಿದ್ದರು!

ಮೊದಲು ಅವನನ್ನು ಕೂರಿಸಿಕೊಂಡು ಜಗಳ ಹೇಗೆ ಶುರುವಾಯಿತು ಅಂತ ಕೇಳು. ಯಾಕೆ ಹೊಡೆದೆ ಅಂದರೆ ಬಾಯಿ ಬಿಡುವುದಿಲ್ಲ. ಎಲ್ಲಿ ನಿಂತಿದ್ದೆ, ಅವನು ಏನಂದ, ಪಕ್ಕದಲ್ಲಿ ಯಾರಿದ್ದರು ಅಂತ ಒಂದೊಂದೇ ಕೇಳಿದರೆ ಹೇಳುತ್ತಾನೆ. ಹತ್ತರಲ್ಲಿ ಎಂಟು ಕೇಸುಗಳಲ್ಲಿ ನನಗೆ ಸಿಗುತ್ತಿದ್ದ ಉತ್ತರ ಒಂದೇ: ‘ಅವನು ಗುರಾಯಿಸ್ದ ಮೇಡಂ.’ ಎದುರಿನವನು ಬಸ್ಸಿನ ಬೋರ್ಡು ನೋಡುತ್ತಿದ್ದರೂ ಇವರಿಗೆ ಅದು ಗುರಾಯಿಸಿದ ಹಾಗೇ. ಕೆನೆತ್ ಡಾಜ್ ಎಂಬ ಮನಶ್ಶಾಸ್ತ್ರಜ್ಞ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಬೇಕೆಂದೇ ಮಾಡಿದ್ದೋ ಅಕಸ್ಮಾತ್ ಆದದ್ದೋ ಅನ್ನುವ ಗೊಂದಲವಿದ್ದಾಗ, ಹೊಡೆದಾಡುವ ಸ್ವಭಾವದ ಹುಡುಗರು ಬೇಕೆಂದೇ ಮಾಡಿದ್ದು ಅಂತ ಬೇಗ ತೀರ್ಮಾನಿಸಿಬಿಡುತ್ತಾರೆ. ಮನೆಯಲ್ಲಿ ಪೆಟ್ಟು ತಿಂದು ಬೆಳೆದ ಮಕ್ಕಳಲ್ಲಿ ಈ ಗುಣ ಹೆಚ್ಚು ಅಂತಲೂ 1990ರಲ್ಲಿ ಅವರ ತಂಡ ತೋರಿಸಿತು. ನಿನ್ನ ಬೆಲ್ಟಿನ ವಿಷಯಕ್ಕೆ ಇದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಪಕ್ಕದಲ್ಲಿ ಯಾರಿದ್ದರು ಅಂತ ಕೇಳು ಅಂದದ್ದಕ್ಕೂ ಕಾರಣ ಇದೆ. ಒಬ್ಬನೇ ಇದ್ದಿದ್ದರೆ ಬೈದುಕೊಂಡು ಮುಂದೆ ಹೋಗುತ್ತಿದ್ದ ಹುಡುಗ, ‘ಬಿಡಬೇಡ ಮಗಾ’ ಅನ್ನುವ ನಾಲ್ಕು ಜನ ಮೊಬೈಲ್ ಹಿಡಿದು ನಿಂತರೆ ಕೈ ಎತ್ತಿಬಿಡುತ್ತಾನೆ. ಆ ಜಗಳದ ವೀಡಿಯೋ ಎಲ್ಲಾದರೂ ಓಡಾಡುತ್ತಿದ್ದರೆ ಇವತ್ತೇ ತೆಗೆಸು. ಇಂಥ ಪ್ರಕರಣದಲ್ಲಿ ಸಿಕ್ಕ ಮಕ್ಕಳ ಗುರುತು ಬಹಿರಂಗ ಮಾಡುವುದು ಅದೇ ಕಾಯ್ದೆಯಲ್ಲಿ ಅಪರಾಧ. ಈ ಮಾತು ಕಿವಿಗೆ ಬಿದ್ದರೆ ರೀಲ್ಸ್ ಹಾಕಿದವರು ತಾವಾಗಿಯೇ ಅಳಿಸುತ್ತಾರೆ.

ಇವನು ರೌಡಿಯಾಗಿಬಿಟ್ಟ ಅಂತ ನಿನ್ನ ಹೆಂಡತಿ ಅಳುತ್ತಿದ್ದಾಳಲ್ಲ, ಅವಳಿಗೆ ಹೇಳು: ಈ ವಯಸ್ಸಿನಲ್ಲಿ ದಾರಿ ತಪ್ಪಿದ ಹೆಚ್ಚಿನವರು ಇಪ್ಪತ್ತೈದರ ಹೊತ್ತಿಗೆ ತಾವಾಗಿಯೇ ತಣ್ಣಗಾಗುತ್ತಾರೆ. ಆದರೆ ಚಿಕ್ಕಂದಿನಿಂದಲೇ ಪ್ರಾಣಿಗಳನ್ನು ಹಿಂಸಿಸುವ, ಕದಿಯುವ, ಹೊಡೆಯುವ ಮಕ್ಕಳ ಕತೆ ಬೇರೆ, ಅವರನ್ನು ಮನೋವೈದ್ಯರಿಗೇ ತೋರಿಸಬೇಕು. ನಿನ್ನ ಮಗ ಆ ಪೈಕಿ ಅಲ್ಲ, ನಾನು ಎತ್ತಿ ಆಡಿಸಿದ ಹುಡುಗ.

ಹಾಗಂತ ಎಂಎಲ್‌ಎ ಕಡೆಯವರನ್ನು ಹಿಡಿದು ದೂರು ವಾಪಸ್ ತೆಗೆಸಲು ಹೋಗಬೇಡ. ಹೊಡೆದರೂ ಅಪ್ಪ ನೋಡಿಕೊಳ್ಳುತ್ತಾನೆ ಅನ್ನುವುದನ್ನು ಅವನು ಕಲಿಯುವುದು ಅಲ್ಲೇ. ಪೆಟ್ಟು ತಿಂದ ಹುಡುಗನ ಮನೆಗೆ ನೀನೇ ಹೋಗು. ಅವರು ಒಪ್ಪಿದರೆ ಮಾತ್ರ ಮಗನನ್ನು ಕರೆದುಕೊಂಡು ಹೋಗು. ‘ಸಾರಿ’ ಅಂತ ಗೊಣಗಿಸಿ ಎಬ್ಬಿಸಿಕೊಂಡು ಬರಬೇಡ, ಆ ಹುಡುಗನ ಅಮ್ಮ ಹೇಳುವುದನ್ನು ಪೂರ್ತಿ ಕೂತು ಕೇಳಲಿ. ಆಸ್ಪತ್ರೆಯ ಖರ್ಚನ್ನು ನೀನು ಕೊಡು. ಆದರೆ ಅದರಲ್ಲಿ ಒಂದು ಪಾಲು ಇವನ ಪಾಕೆಟ್ ಮನಿಯಿಂದ ತಿಂಗಳು ತಿಂಗಳು ಮುರಿದುಕೋ.

ಕೇಸಿನ ವಿಷಯಕ್ಕೆ ಗಾಬರಿ ಬೇಡ. ಮೂರು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ, ಜೊತೆಯಲ್ಲಿ ದೊಡ್ಡವರು ಸೇರಿರದಿದ್ದರೆ, ಎಫ್‌ಐಆರ್ ಹಾಕುವುದಿಲ್ಲ. ಠಾಣೆಯ ದಿನಚರಿ ಪುಸ್ತಕದಲ್ಲಿ ಬರೆದು, ಹುಡುಗನ ಹಿನ್ನೆಲೆ ವರದಿ ಸಮೇತ ಮಂಡಳಿಗೆ ಕಳಿಸುತ್ತಾರೆ. ಅಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಬುದ್ಧಿ ಹೇಳಿ ಕಳಿಸಬಹುದು, ಆಪ್ತಸಮಾಲೋಚನೆಗೆ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು. ಇದರಿಂದ ಮುಂದೆ ಸರ್ಕಾರಿ ನೌಕರಿಗೆ ಅನರ್ಹನಾಗದಂತೆ ಕಾಯ್ದೆಯೇ ರಕ್ಷಣೆ ಕೊಟ್ಟಿದೆ. ಕರೆ ಬಂದ ದಿನ ವಕೀಲರನ್ನೋ ನಿನ್ನ ಭಾವನನ್ನೋ ಕಳಿಸಬೇಡ. ರಜೆ ಹಾಕಿ ನೀವಿಬ್ಬರೂ ಹೋಗಿ. ಪ್ರಶ್ನೆಗೆ ಅವನೇ ಉತ್ತರ ಹೇಳಲಿ, ನೀನು ನಡುವೆ ಬಾಯಿ ಹಾಕಬೇಡ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲಪ್ರತಿ ಜೊತೆಗಿರಲಿ, ಜನ್ಮದಿನಾಂಕ ನೋಡುತ್ತಾರೆ.