ಹಿಟ್ಟು ಉಬ್ಬಿಸುವ ಯೀಸ್ಟ್ ಮತ್ತು ಹಿರಿಯರ ಮರೆವು

‘ಅರವತ್ತಕ್ಕೆ ಅರಳು ಮರಳು’ ಎಂದು ಹಿರಿಯರ ಮರೆವನ್ನು ನಾವು ಹಗುರವಾಗಿ ಕಾಣುತ್ತೇವೆ. ಕನ್ನಡಕ ಎಲ್ಲಿಟ್ಟೆವೆಂದು ಮರೆಯುವುದು ವಯೋಸಹಜ. ಆದರೆ ದಿನವೂ ಓಡಾಡಿದ ಹೊಲದ ದಾರಿ ತಪ್ಪುವುದು, ಉಂಡದ್ದನ್ನು ಮರೆತು ಮತ್ತೆ ಊಟ ಕೇಳುವುದು, ಮಕ್ಕಳ ಗುರುತು ಹತ್ತದಿರುವುದು ಕೇವಲ ಮುಪ್ಪಲ್ಲ. ಅದು ಮಿದುಳಿನ ಕಾಯಿಲೆಯಿರಬಹುದು. ಇಂತಹ ಕಾಯಿಲೆಗಳಲ್ಲಿ ಹೆಚ್ಚಾಗಿ ಕಾಣುವುದು ಆಲ್ಝೈಮರ್. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದರು.

ಮಿದುಳಿನಲ್ಲಿ ಆಗುವುದೇನು?
ಪ್ರತಿ ಜೀವಕೋಶವೂ ತನ್ನ ಕೆಲಸಕ್ಕೆ ಬೇಕಾದ ಪ್ರೋಟೀನುಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನು ನರಕೋಶಗಳ ಹೊರಗೂ, ಟೌ ಎಂಬುದು ಒಳಗೂ ಗಂಟುಗಟ್ಟುತ್ತವೆ. ಕ್ರಮೇಣ ನರಕೋಶಗಳು ಸಾಯುತ್ತವೆ. ಬೇಳೆ, ಹಾಲು ಸೇವಿಸಿದ್ದರಿಂದ ಈ ಗಂಟುಗಳು ಬರುವುದಿಲ್ಲ, ಅವುಗಳನ್ನು ಬಿಡಬೇಡಿರಿ.

ಯೀಸ್ಟ್ ಏಕೆ?
ಬದುಕಿರುವವರ ಮಿದುಳನ್ನು ತೆರೆದು ಪ್ರಯೋಗ ಮಾಡಲಾಗದು. ಆದ್ದರಿಂದ ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟನ್ನು ವಿಜ್ಞಾನಿಗಳು ಬಳಸುತ್ತಾರೆ. ಇದು ಒಂದೇ ಕೋಶದ ಜೀವಿ. ಅನುಕೂಲವಿದ್ದರೆ ಸುಮಾರು ಒಂದೂವರೆ ಗಂಟೆಯಲ್ಲಿ ಎರಡು ಪಟ್ಟಾಗುತ್ತದೆ. ಇದಕ್ಕೆ ಮಿದುಳಿಲ್ಲ. ಆದರೂ ಪ್ರೋಟೀನು ತಯಾರಿಸುವುದು, ಸಾಗಿಸುವುದು, ಕೆಟ್ಟದ್ದನ್ನು ಹೊರಹಾಕುವುದು ಬಹುಮಟ್ಟಿಗೆ ನಮ್ಮ ಕೋಶಗಳಂತೆಯೇ.

ಅಮೆರಿಕದ ವೈಟ್‌ಹೆಡ್ ಸಂಸ್ಥೆಯಲ್ಲಿ ಸೂಸನ್ ಲಿಂಡ್‌ಕ್ವಿಸ್ಟ್ ಅವರ ತಂಡ, ಮನುಷ್ಯರ ಬೀಟಾ ಅಮೈಲಾಯ್ಡನ್ನು ಯೀಸ್ಟಿನಲ್ಲಿ ತಯಾರಾಗುವಂತೆ ಮಾಡಿತು. ಯೀಸ್ಟಿನ ಬೆಳವಣಿಗೆ ಕುಂಠಿತವಾಯಿತು. ಬಳಿಕ ಐದು ಸಾವಿರಕ್ಕೂ ಹೆಚ್ಚು ಜೀನುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಕೆಲವು ಈ ಹಾನಿಯನ್ನು ತಗ್ಗಿಸಿದವು, ಕೆಲವು ಹೆಚ್ಚಿಸಿದವು. ತಗ್ಗಿಸಿದವುಗಳಲ್ಲಿ ಒಂದು, ಮನುಷ್ಯರಲ್ಲಿ ಪಿಕಾಲ್ಮ್ ಎನ್ನುವ ಜೀನಿಗೆ ಸಮನಾದದ್ದು. ಪಿಕಾಲ್ಮ್‌ಗೂ ಆಲ್ಝೈಮರ್‌ಗೂ ನಂಟಿದೆಯೆಂದು ರೋಗಿಗಳ ಅಧ್ಯಯನಗಳು ಮೊದಲೇ ತೋರಿಸಿದ್ದವು. ಇಲಿಯ ನರಕೋಶಗಳಲ್ಲಿಯೂ ಅದು ರಕ್ಷಣೆ ನೀಡಿತು. ಇದು 2011ರಲ್ಲಿ ಪ್ರಕಟವಾಯಿತು.

ನೆನಪಿಡಿ
ಯೀಸ್ಟ್ ಸಂಶೋಧನೆಯ ಸಾಧನವೇ ಹೊರತು ಔಷಧಿಯಲ್ಲ. ಯೀಸ್ಟ್ ಮಾತ್ರೆಯಿಂದ ಮರೆವು ಹೋಗುತ್ತದೆಂದು ಯಾರಾದರೂ ಹೇಳಿದರೆ ಹಣ ಕಳೆದುಕೊಳ್ಳಬೇಡಿರಿ. ಆಲ್ಝೈಮರನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ. ಆದರೆ ಎಲ್ಲ ಮರೆವೂ ಆಲ್ಝೈಮರ್ ಅಲ್ಲ. ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವುಗಳಿಗೆ ಚಿಕಿತ್ಸೆಯಿದೆ.

ಆದುದರಿಂದ ನಿಮ್ಮ ಮನೆಯ ಹಿರಿಯರಲ್ಲಿ ಮೇಲಿನ ಲಕ್ಷಣಗಳು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆ ಹತ್ತಿರದಲ್ಲಿದೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೂ ಗದರಿಸಬೇಡಿರಿ. ಅದು ಅವರ ಹಟವಲ್ಲ, ಕಾಯಿಲೆಯ ಲಕ್ಷಣ.